ಹನ್ನೊಂದು ಪುಟದ ಸ್ವಾಭಿಮಾನ

ಅರವತ್ತು ದಾಟಿದವನು ತನ್ನ ಬದುಕನ್ನು ಬರೆದಿಟ್ಟರೆ ತನ್ನನ್ನು ತಾನೇ ಕಂಡುಕೊಳ್ಳುತ್ತಾನಂತೆ. ನಮ್ಮ ಶಹಾಪುರದ ಒಂದು ಸಮಾರಂಭದಲ್ಲಿ ಭಾಷಣಕಾರರೊಬ್ಬರು ಹೀಗೆಂದರು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಇವನು ಬಟ್ಟೆ ಕೊಳ್ಳುವವನೋ, ಬರೀ ಮುಟ್ಟಿ ನೋಡಿ ಹೋಗುವವನೋ ಎಂದು ಹೇಳಬಲ್ಲ ವ್ಯಾಪಾರಿ ನಾನು. ನನ್ನನ್ನೇ ಕಂಡುಕೊಳ್ಳುವುದು ಎಷ್ಟರ ಮಾತು? ಮರುದಿನವೇ ಉದ್ದನೆಯ ನೋಟ್‌ಬುಕ್ಕು ತಂದೆ.

ಹುಟ್ಟು, ಬಾಲ್ಯ, ಶಾಲೆ, ಅಂಗಡಿ ಎಲ್ಲ ಸೇರಿ ಒಂದೂವರೆ ಪುಟಕ್ಕೆ ಮುಗಿದುಹೋಯಿತು. ಇಷ್ಟೇನಾ ನಾನು ಎಂದು ಪುಟ ತಿರುಗಿಸಿ ನೋಡಿದೆ. ಆಗ ನೆನಪಾಯಿತು, ಕೆಂಭಾವಿಯ ಮದುವೆ.

ಕೆಂಭಾವಿಯಲ್ಲಿರುವುದು ನನ್ನ ಅಕ್ಕ. ತಾಯಿ ಹೋದ ಮೇಲೆ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು. ಹದಿನೆಂಟು ವರ್ಷದ ಹಿಂದೆ ಅವಳ ಮಗಳ ಮದುವೆಯಲ್ಲಿ ಆಯೇರಿ ಶುರುವಾಯಿತು. ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕೂಗಿ, ಟೋಪಿ ಟಾವೆಲ್ ಕೊಟ್ಟು ಮರ್ಯಾದೆ ಮಾಡುವುದು ನಮ್ಮ ಕಡೆಯ ಪದ್ಧತಿ. ಮದುಮಗಳ ಸೋದರಮಾವನಾದ ನಾನು, ಮೊದಲ ಹೆಸರು ನನ್ನದೇ ಎಂದು ಅಂಗಿ ಸರಿಮಾಡಿಕೊಂಡು ಕೂತೆ. ಕೂಗಿದ್ದು ಭಾವನ ಕಡೆಯ ಯಾರನ್ನೋ. ಎರಡನೆಯದು ವಡಗೇರಾದ ದೂರದ ನೆಂಟರು. ಹದಿನಾಲ್ಕನೆಯದು ಬ್ಯಾಂಡಿನ ಯಜಮಾನ! ಎದ್ದವನೇ ಹೆಂಡತಿಯನ್ನೂ ಅಲ್ಲೇ ಬಿಟ್ಟು ಶಹಾಪುರದ ಬಸ್ಸು ಹತ್ತಿದೆ. ಅಂದಿನಿಂದ ಅಕ್ಕನ ಮನೆಯ ನೀರು ಮುಟ್ಟಿಲ್ಲ. ನಾಗರಪಂಚಮಿಗೆ ಅವಳನ್ನು ತವರಿಗೆ ಕರೆತರಲೂ ಹೋಗಿಲ್ಲ. ಬೇರೆಯವರ ಮದುವೆಯಲ್ಲೋ ಮಣ್ಣಿನಲ್ಲೋ ಕಂಡರೆ “ಆರಾಮಾ?” ಅಷ್ಟೇ.

ಈ ಪ್ರಕರಣ ಬರೆಯಲು ಕುಳಿತೆ ನೋಡಿ, ಪೆನ್ನು ನಿಲ್ಲಲೇ ಇಲ್ಲ. ಒಂದೇ ಬೈಠಕ್ಕಿಗೆ ಹನ್ನೊಂದು ಪುಟ! ದೊಡ್ಡತನ ಬಿಡಬಾರದೆಂದು ಯಾರ ಹೆಸರನ್ನೂ ಬರೆಯಲಿಲ್ಲ. ಭಾವ ‘ಮರ್ಯಾದೆ ಅರಿಯದ ಗೃಹಸ್ಥ’ ಆದರು. ನಾನು ‘ಸ್ವಾಭಿಮಾನಿ ಯುವಕ’ ಆದೆ. ಆಗ ನನಗೆ ನಲವತ್ತೈದು, ಇರಲಿ. ಝೆರಾಕ್ಸ್ ಮಾಡಿಸಿ, ಕೆಂಭಾವಿ ಸಂತೆಗೆ ಹೊರಟಿದ್ದ ಗಿರಾಕಿಯೊಬ್ಬನ ಕೈಯಲ್ಲಿ ಒಂದು ಪ್ರತಿಯನ್ನು ಭಾವನಿಗೇ ಕಳಿಸಿಬಿಟ್ಟೆ. ಓದಿ ನಾಚಲಿ ಎಂದು.

ಆಮೇಲೆ ಹೆಂಡತಿಗೆ ಓದಿ ಹೇಳಲು ಕುಳಿತೆ. ಈ ಕೆಲಸ ಮೊದಲು ಮಾಡಬೇಕಿತ್ತು. ಜೋಳ ಹಸನು ಮಾಡುತ್ತಿದ್ದವಳು ಬ್ಯಾಂಡಿನ ಯಜಮಾನನ ಮಾತು ಬಂದೊಡನೆ ಮೊರ ಕೆಳಗಿಟ್ಟಳು.

“ನಿಮ್ಮ ಹೆಸರೂ ಕೂಗಿದ್ರಲ್ರಿ.”

“ಯಾವಾಗ?”

“ಕಡೀಗೆ. ಸೋದರಮಾವಗ ಬರೇ ಟೋಪಿ ಟಾವೆಲ್ ಸಾಲಂಗಿಲ್ಲ, ರುಮಾಲ ಸುತ್ತಿ, ಧೋತ್ರ ಕೊಟ್ಟು ದೊಡ್ಡ ಮಾನ ಮಾಡಬೇಕಂತ ನಿಮ್ಮ ಭಾವಾರು ಕಡೀಗೆ ಇಟ್ಟಿದ್ರು. ನಾಕು ಸಲ ಕೂಗಿದ್ರು. ನೀವಿರಲಿಲ್ಲ, ನಾನೇ ತಗೊಂಡೆ. ಟ್ರಂಕಿನ್ಯಾಗ ಅದ.”

“ಹದಿನೆಂಟು ವರ್ಷ ಯಾಕ ಹೇಳಲಿಲ್ಲ?”

“ಆ ಮದಿವಿ ಸುದ್ದಿ ಈ ಮನ್ಯಾಗ ಎತ್ತಬ್ಯಾಡ ಅಂದ್ರಿ. ಎತ್ತಲಿಲ್ಲ. ಎರಡು ಸಲ ಬಾಯಿ ತಗದೆ, ತಾಟ ಬಿಟ್ಟು ಎದ್ದು ಹೋದ್ರಿ. ಅಂಗಡಿ ತುಂಬ ಟಾವೆಲ್ ಇಟಗೊಂಡು, ಒಂದು ಟಾವೆಲ್ ಸಲುವಾಗಿ ಒಡಹುಟ್ಟಿದಾಕಿನ್ನ ಬಿಟ್ಟವರು ನೀವೊಬ್ಬರೇ ನೋಡ್ರಿ.”

ಕೈಯಲ್ಲಿದ್ದ ನೋಟ್‌ಬುಕ್ಕು ಮುಚ್ಚಿದೆ. ಹನ್ನೊಂದು ಪುಟ ಆಗಲೇ ಕೆಂಭಾವಿಯ ದಾರಿ ಹಿಡಿದಿವೆ. ಗಿರಾಕಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಅಕ್ಕನ ಕಿವಿಗೆ ಅದು ಬಿದ್ದರೆ ಈ ಜನ್ಮದಲ್ಲಿ ಅವಳಿಗೆ ಮುಖ ತೋರಿಸುವಂತಿಲ್ಲ. ಇಬ್ಬರೂ ಓಡಿ ಬಸ್ಸು ಹತ್ತಿದೆವು. ಅದು ಕೈ ಮಾಡಿದವರಿಗೆಲ್ಲ ನಿಂತು, ಕೈ ಮಾಡದವರನ್ನೂ ಬರ್ತೀರಾ ಎಂದು ಕೇಳಿಕೊಂಡು ಹೋಯಿತು.

ನಾವು ಮುಟ್ಟಿದಾಗ ಭಾವ ಕಟ್ಟೆಯ ಮೇಲೆ ಕುಳಿತು, ಕನ್ನಡಕ ಏರಿಸಿ, ಜೋರಾಗಿ ಓದುತ್ತಿದ್ದರು. ಅಕ್ಕ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ಒಂಬತ್ತನೆಯ ಪುಟ.

“ಬಾರೋ ಬಾ,” ಎಂದರು ಭಾವ. “ಕತಿ ಛಲೋ ಬರದೀಪಾ. ಆದರ ಈ ಯುವಕ ಭಾಳ ಹುಚ್ಚ ಇದ್ದಾನ. ಯಾರಿವ? ನಮಗ ಗೊತ್ತಿದ್ದವನಾ?”

“ನಾನೇರಿ, ಭಾವ.”

ಅವರು ನನ್ನನ್ನು ನೋಡಿದರು, ಪುಟ ನೋಡಿದರು, ಮತ್ತೆ ನನ್ನನ್ನು ನೋಡಿದರು.

“ಅಲ್ಲೋ, ಅವತ್ತು ನಿಂದು ಹೊಟ್ಟಿ ಕೆಟ್ಟಿತ್ತಲ್ಲ? ನಿನ್ನ ಹೆಂಡ್ತಿನೇ ಹೇಳಿದ್ಲು. ಹಂದರದಾಗ ಎಲ್ಲಾರೂ ಪಾಪ ಪಾಪ ಅಂದ್ರು. ಆಮ್ಯಾಲ ನೀ ಬರಲಿಲ್ಲಂದ್ರ, ಅಂಗಡಿ ದೊಡ್ಡದಾಗ್ಯಾದ, ಪುರಸೊತ್ತಿಲ್ಲ ಅಂದ್ಕೊಂಡೆ.”

ಹೆಂಡತಿಯ ಕಡೆ ತಿರುಗಿದೆ. ಅವಳು ಎದುರಿನ ಬೇವಿನ ಮರ ನೋಡುತ್ತಿದ್ದಳು. ನನ್ನ ಮಾನ ಉಳಿಸಲು ಅವಳಿಗೆ ಸಿಕ್ಕಿದ್ದು ಭೇದಿಯೊಂದೇ! ಹದಿನೆಂಟು ವರ್ಷ ಹಲ್ಲು ಕಚ್ಚಿ ಬಹಿಷ್ಕಾರ ಹಾಕಿದ್ದೆ. ಹಾಕಿಸಿಕೊಂಡವರಿಗೆ ಸುದ್ದಿಯೇ ಮುಟ್ಟಿರಲಿಲ್ಲ.

ಭಾವ ನಗತೊಡಗಿದರು. ಅಕ್ಕ ಮಾತ್ರ ನಗಲಿಲ್ಲ.

“ನಾ ಹಂಗ ಅಂದ್ಕೊಳ್ಳಲಿಲ್ಲ,” ಎಂದಳು. “ಪ್ರತಿ ಪಂಚಮಿಗೆ ತಮ್ಮ ಬರ್ತಾನಂತ ಚೀಲ ಕಟ್ಟಿ ಇಡತಿದ್ದೆ. ಸಂಜಿಕ ಬಿಚ್ಚತಿದ್ದೆ. ನಾ ಏನ್ ತಪ್ಪ ಮಾಡೀನಿ ಅಂತ ಒಂದ್ ಮಾತು ಹೇಳಬಾರದಿತ್ತಾ?”

ಹನ್ನೊಂದು ಪುಟದಲ್ಲಿ ಅಕ್ಕನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವಳ ಕಾಲು ಹಿಡಿದು ಕುಳಿತೆ. ಅಳು ಬಂತು, ಅತ್ತುಬಿಟ್ಟೆ.

“ಏಳು, ಸಾಕು,” ಎಂದು ಅವಳೇ ಸೆರಗಿನಿಂದ ನನ್ನ ಮುಖ ಒರೆಸಿದಳು.

“ಪಂಚಮಿ ಮುಂದಿನ ವಾರ ಅದ. ಈಗಲೇ ನಡಿ ಅಕ್ಕ.”

“ಚೀಲ ಕಟ್ಟಬೇಕಲ್ಲೋ.”

“ಈ ಸಲ ನಾ ಕಟ್ತೀನಿ.”

ತಿರುಗಿ ಬರುವ ಬಸ್ಸಿನಲ್ಲಿ ಎರಡೇ ಸೀಟು ಖಾಲಿ ಇದ್ದವು. ಅಕ್ಕ ಮತ್ತು ನನ್ನ ಹೆಂಡತಿ ಕುಳಿತರು. ನಾನು ಚೀಲ ಹಿಡಿದು ನಿಂತೆ. ಶಹಾಪುರ ಬರುವವರೆಗೂ ಇಬ್ಬರದೂ ನನ್ನದೇ ಸುದ್ದಿ. ಸಣ್ಣವನಿದ್ದಾಗ ಅಕ್ಕನ ಸೆರಗು ಹಿಡಿಯದೆ ನಿದ್ದೆ ಮಾಡುತ್ತಿರಲಿಲ್ಲ ಎಂಬುದು, ಅಂಗಡಿ ತೆರೆದ ಮೊದಲ ದಿನ ಗಿರಾಕಿ ಬಂದರೆ ನಾಚಿ ಬಟ್ಟೆ ಗಂಟಿನ ಹಿಂದೆ ಕೂತದ್ದು, ಹೆಂಡತಿಗೆ ಜ್ವರ ಬಂದಾಗ ರೊಟ್ಟಿ ಬಡಿಯಲು ಹೋಗಿ ಕೈ ಸುಟ್ಟುಕೊಂಡು ಅವಳಿಂದಲೇ ಆರೈಕೆ ಮಾಡಿಸಿಕೊಂಡದ್ದು. ಕಂಡಕ್ಟರ್ ಕೂಡ ಟಿಕೆಟು ಹರಿಯುವುದನ್ನು ಬಿಟ್ಟು ಕೇಳುತ್ತ ನಿಂತ. ಊರು ಬರುವಷ್ಟರಲ್ಲಿ ನನ್ನ ಇಡೀ ಬದುಕನ್ನು ಇಬ್ಬರೂ ಸೇರಿ ಹೇಳಿ ಮುಗಿಸಿದ್ದರು. ಸ್ವಾಭಿಮಾನಿ ಯುವಕ ಅದರಲ್ಲಿ ಎಲ್ಲೂ ಬರಲಿಲ್ಲ.