ಚಹಾ ತಡವಾದದ್ದು ಎಲ್ಲಿ?

ಆ ಭಾನುವಾರ ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಇದ್ದವರು ಅವ್ವ, ಅಕ್ಕ, ನಾನು, ಮತ್ತೆ ಅಕ್ಕನ ಗಂಡ. ಈ ಭಾವನಷ್ಟು ವಿಚಿತ್ರ ಪ್ರಾಣಿ ಹಂಪಿಯ ಕಂಬಗಳ ಮೇಲೂ ಕೆತ್ತಿಲ್ಲ ಅಂತ ಎದೆ ತಟ್ಟಿ ಹೇಳಬಲ್ಲೆ!

ವಡ್ಡು ಊರಿನ ಹತ್ತಿರ ಅದಿರು ಲಾರಿ ತೂಗುವ ಆಫೀಸಿನಲ್ಲಿ ಅವರಿಗೆ ಕಂಪ್ಯೂಟರ್ ಕೆಲಸ. ಏನು ಕೆಲಸ ಅಂದರೆ, "ಸ್ಟೋರ್ಡ್ ಪ್ರೊಸೀಜರ್ ಒಳಗಿನ ಸ್ಲೋ ಕ್ವೆರಿ ಕಾಯೋದು" ಅನ್ನುತ್ತಾರೆ. ದನ ಕಾಯುವುದು ಗೊತ್ತು, ಹೊಲ ಕಾಯುವುದು ಗೊತ್ತು. ಇದೇನಪ್ಪಾ?

"ಭಾಳ ಸರಳ ಲೇ. ಲಾರಿಗೆ ಚೀಟಿ ಕೊಡು ಅಂತ ಕಂಪ್ಯೂಟರಿಗೆ ಒಂದ ಮಾತು ಹೇಳ್ತೀವಿ. ಅದು ಒಳಗೊಳಗ ಹತ್ತಾರು ಪ್ರಶ್ನಿ ಕೇಳ್ಕೊಂತೈತಿ: ಲಾರಿ ಯಾರ್ದು? ಪರ್ಮಿಟ್ ಐತೇನು? ತೂಕ ಎಷ್ಟು? ಹೊರಗ ನಿಂತವ್ರಿಗೆ ಚೀಟಿ ತಡಾ ಆತು ಅನ್ನೋದಷ್ಟ ಕಾಣ್ತೈತಿ. ಒಳಗ ಯಾವ ಪ್ರಶ್ನಿ ತಡಾ ಮಾಡ್ತು? ಒಂದೊಂದಕ್ಕೂ ಗಡಿಯಾರ ಹಿಡೀಬೇಕು. ತಿಳೀತೇನು?"

"ತಿಳೀತು" ಎಂದೆ. ತಲೆ ಮಾತ್ರ ಕಲಸುಮೇಲೋಗರ!

ಈ ರೋಗ ಆಫೀಸಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಒಮ್ಮೆ ಕಂಪ್ಲಿ ಬಸ್ಸಿನಲ್ಲಿ ಪ್ರತಿ ಸ್ಟಾಪಿಗೂ ಫೋನಿನಲ್ಲಿ ಟೈಮ್ ಹಿಡಿದು ಕಂಡಕ್ಟರಿಗೆ ಹೇಳಿದರು: "ರಸ್ತಾದ್ದು ತಪ್ಪಿಲ್ಲರೀ, ಡ್ರೈವರ್ದೂ ತಪ್ಪಿಲ್ಲ. ನೀವು ಮಿರ್ಚಿ ತಿನ್ನೋ ಸ್ಟಾಪಿನ್ಯಾಗ ತಡಾ ಆಗ್ತೈತಿ."

"ಮಿರ್ಚಿ ತಿನ್ಲಾರದ ಬಸ್ಸು ಹಿಂದ ಬರ್ತೈತಿ ಸಾಹೇಬ್ರ. ಇಳೀರಿ!"

ಇಳಿಸಿಯೇ ಬಿಟ್ಟ.

ಆ ಭಾನುವಾರಕ್ಕೆ ಬರೋಣ. ಈಚೆಗೆ ಅವ್ವನ ಚಹಾ ದಿನಾ ತಡ. "ಅವ್ವಾ, ಚಾಪುಡಿ ತರಾಕ ಅಸ್ಸಾಮಿಗೆ ಹೋಗಿಯೇನು?" ಎಂದು ಅಕ್ಕ ಕೂಗಿದಳು. ಭಾವ ಎದ್ದರು, ಸ್ಟೂಲು ಎತ್ತಿಕೊಂಡು ಅಡುಗೆಮನೆಗೇ ನುಗ್ಗಿದರು. ಅಳಿಯ, ಅಡುಗೆಮನೆಗೆ!

ಅವ್ವ ಗಾಬರಿಯಿಂದ ಸೆರಗು ಎಳೆದುಕೊಂಡಳು. "ಅಯ್ಯ ಅಳಿಯಂದ್ರ, ಹೊರಗ ಕುಂದ್ರಿ! ಮಂದಿ ಏನಂದಾರು?"

"ಇರ್ಲಿ ಬಿಡ್ರಿ ಅತ್ತಿ, ಸುಮ್ನ ನೋಡ್ತೀನಿ."

ತಮಾಷೆ ನೋಡಲು ನಾನೂ ಬಾಗಿಲಿಗೆ ಬಂದೆ. ಒಲೆ ಜಲ್ದಿ ಹತ್ತಿತು. ನೀರೂ ಕುದಿಯಿತು. ಸಕ್ಕರೆಯ ಸರದಿ ಬಂದಾಗ ಅವ್ವ ಒಂದು ಡಬ್ಬಿಗೆ ಬೆರಳದ್ದಿ ನಾಲಿಗೆಗಿಟ್ಟಳು. ಉಪ್ಪು. ಇನ್ನೊಂದಕ್ಕೆ ಅದ್ದಿದಳು. ರವೆ. ಭಾವ ಟೈಮ್ ಹಿಡಿದಿದ್ದ ಫೋನು ಕೆಳಗಿಟ್ಟರು.

"ಅತ್ತಿ, ಕಣ್ಣು ಕಾಣವಲ್ವೇನ್ರಿ?"

"ಮಂಜು ಮಂಜು ಆಗ್ತೈತ್ರಿ. ನಿಮ್ಮ ಹೇಣ್ತಿಗೆ ಹೇಳಬ್ಯಾಡ್ರಿ. ಒಲಿ ಮುಂದ ಬರಗೊಡಂಗಿಲ್ಲ ಆಕಿ. ಒಲಿ ಬಿಟ್ಟು ನಾ ಎಲ್ಲಿ ಕುಂದರ್ಲಿ?"

"ನಾ ಹೇಳಂಗಿಲ್ಲ. ಆದ್ರ ನನ್ನ ಕಣ್ಣು ತೋರ್ಸೋದೈತಿ. ಒಬ್ಬನ ಹೋಗಾಕ ಅಂಜಿಕಿ. ಜೋಡಿ ಬರ್ತೀರೇನು?"

ಹೊರಗೆ ಬಂದು, "ಗ್ಯಾಸಿಂದು ತಪ್ಪು, ಉರಿ ಸಣ್ಣದೈತಿ" ಎಂದು ಅಕ್ಕನಿಗೆ ವರದಿ ಒಪ್ಪಿಸಿದರು. ಅಕ್ಕ ಗ್ಯಾಸಿನವನನ್ನು ಸಂಜೆತನಕ ಬೈದಳು.

ಸ್ಟೋರ್ಡ್ ಪ್ರೊಸೀಜರ್ ಅಂದರೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಭಾವನ ಜೋಡಿ ಆಸ್ಪತ್ರೆಗೆ ಹೋದ ಅವ್ವನ ಕಣ್ಣಿನ ಪೊರೆ ತೆಗೆದರು. ಡಾಕ್ಟರು ಒಪ್ಪಿದ ದಿನವೇ ಅವ್ವ ಒಲೆ ಮುಂದೆ ನಿಂತಳು. ಜಲ್ದಿ ಚಹಾ ತಂದವಳು, ಲೋಟ ಕೊಡುತ್ತ ಭಾವನ ಮುಖವನ್ನೇ ನೋಡಿದಳು.

"ಅಯ್ಯ ಅಳಿಯಂದ್ರ, ಯಾವಾಗ ಇಷ್ಟು ಕೂದ್ಲು ನೆರತ್ವು?"