ದೊಡ್ಡಮ್ಮ ಒಪ್ಪಿದ ಹುಣಸೆಮರ

ನಮ್ಮ ದೊಡ್ಡಮ್ಮನನ್ನು ಕೂರಿಸಿಕೊಂಡು ಬ್ರಹ್ಮಾವರದಿಂದ ಬೈಂದೂರಿಗೆ ಹೋಗಲು ಎಷ್ಟು ಹೊತ್ತು ಬೇಕು? ಅದು ದಾರಿಯಲ್ಲಿ ಸಿಗುವ ಹುಣಸೆಮರಗಳನ್ನು ಅವಲಂಬಿಸಿದೆ! ಕುಂದಾಪುರದ ಕೋಡಿಯಲ್ಲಿ ಮೀನು ಮಾರಿಕೊಂಡಿದ್ದ ಈ ಹೆಂಗಸು, ಸಾರು ಕೆಡುವುದು ಮೀನಿನಿಂದಲ್ಲ, ಹುಳಿಯಿಂದ ಎಂದು ಎಂದೋ ತೀರ್ಮಾನಿಸಿ, ಒಳ್ಳೆಯ ಮರ ಹುಡುಕಲು ಹೊರಟವರು.

ಅವರ ಪರೀಕ್ಷೆಯಲ್ಲಿ ಪಾಸಾಗುವುದು ಸುಲಭವಲ್ಲ. ಸಿಪ್ಪೆ ಸಲೀಸಾಗಿ ಬಿಡಬೇಕು, ತಿರುಳು ದಪ್ಪಗಿರಬೇಕು, ನಾರು, ಬೀಜ ಕಮ್ಮಿ ಇರಬೇಕು. ಒಂದು ವರ್ಷ ಕೊಂಬೆ ಬಾಗುವಷ್ಟು ಬಿಟ್ಟು ಮರುವರ್ಷ ರಜೆ ಹಾಕುವ ಮರವನ್ನಂತೂ ಸೋಮಾರಿ ಅಳಿಯನನ್ನು ನೋಡುವಂತೆ ನೋಡುತ್ತಾರೆ.

ಒಮ್ಮೆ ಕೊಲ್ಲೂರಿನಲ್ಲಿ ದರ್ಶನದ ಸಾಲಿನಿಂದಲೇ ಮಾಯವಾದರು. ಹುಡುಕಿದರೆ ಲಾಡ್ಜೊಂದರ ಹಿಂದಿನ ಮರದಡಿ ಹಣ್ಣು ಚೀಪುತ್ತಿದ್ದಾರೆ. ಅಮ್ಮ ಗದರಿದ್ದಕ್ಕೆ ಶಾಂತವಾಗಿ ಹೇಳಿದರು: "ದೇವಿ ಎಲ್ಲಿಗೂ ಹೋತಿಲ್ಲೆ. ಹಣ್ಣ್ ಬಿಟ್ರೆ ಮಂಗ ತಿಂತ್."

ನನಗೆ ಹೆಣ್ಣು ನೋಡಲು ಶಿರೂರಿಗೆ ಹೋದಾಗಲೂ ಅಷ್ಟೇ. ಹುಡುಗಿ ಚಹಾ ತರುವ ಹೊತ್ತಿಗೆ ಇವರು ಹಿತ್ತಿಲಲ್ಲಿ! ಬಾಯಿ ಚಪ್ಪರಿಸುತ್ತ ಒಳಬಂದು ಎಲ್ಲರ ಮುಂದೆ ಘೋಷಿಸಿದರು: "ಮಾಣಿ, ಹೆಣ್ಣ್ ನೀನ್ ಕಾಣ್. ಮರ ನಾನ್ ಕಂಡಾಯ್ತ್. ಒಳ್ಳೆ ಮನಿ."

ಮದುವೆಯಾಯಿತು. ಬೀಗರ ಮನೆಗೆ ಹೋದಾಗೆಲ್ಲ ದೊಡ್ಡಮ್ಮ ಆ ಮರದ ಕಡ್ಡಿ ಕತ್ತರಿಸಿ ತಂದು ಸಸಿಗಳಿಗೆ ಕಸಿ ಕಟ್ಟಿದರು. ಮೊದಮೊದಲು ಎಲ್ಲ ಒಣಗಿದವು. ನಾವು ನಕ್ಕೆವು. ಅವರು ಮತ್ತೆ ಕಟ್ಟಿದರು. ಕೊನೆಗೆ ಕೆಲವು ಚಿಗುರಿದವು.

ಅದೇ ವರ್ಷ ಮಳೆಗಾಲದ ಗಾಳಿಗೆ ಶಿರೂರಿನ ಮರ ಬುಡಸಮೇತ ಉರುಳಿತು. ನನ್ನ ಹೆಂಡತಿಯ ತಾಯಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಸುದ್ದಿ ತಿಳಿದ ದೊಡ್ಡಮ್ಮ ಒಂದು ಕಸಿ ಗಿಡ ಹೊತ್ತು ಬಸ್ಸು ಹತ್ತಿದರು. ಅದೇ ಹಿತ್ತಿಲಲ್ಲಿ ಕೈಯಾರೆ ನೆಟ್ಟು ಬಂದರು.

ಈಗ ಕುಂದಾಪುರದ ಸುತ್ತಮುತ್ತಲ ಎಷ್ಟೋ ಹಿತ್ತಿಲುಗಳಲ್ಲಿ ದೊಡ್ಡಮ್ಮನ ಕಸಿಗಳಿವೆ. ಕೃಷಿ ಕಲಿತವರೂ ಕಡ್ಡಿ ಕೇಳಿಕೊಂಡು ಬರುತ್ತಾರೆ. ಇಂಥವರು ನಮ್ಮ ದೊಡ್ಡಮ್ಮ ಎಂದು ಹೇಳಿಕೊಳ್ಳುವಾಗ ನನ್ನ ಎದೆ ಎರಡಿಂಚು ಹಿಗ್ಗುವುದು ಸುಳ್ಳಲ್ಲ.

ಈ ಬೇಸಿಗೆಯಲ್ಲಿ ಶಿರೂರಿನ ಗಿಡ ಮೊದಲ ಹಣ್ಣು ಬಿಟ್ಟಿತು. ಹೆಂಡತಿಯ ತಾಯಿ ಒಂದನ್ನು ಮುರಿದು ಅರ್ಧ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. "ಅದೇ ರುಚಿ ಅಕ್ಕ," ಎಂದು ಪಕ್ಕದಲ್ಲಿದ್ದ ದೊಡ್ಡಮ್ಮನಿಗೆ ಹೇಳಿದರು. "ಆ ಹಳಿ ಮರಕ್ಕೆ, ನಮ್ಮ್ ಮದಿ ಆದ್ ವರ್ಷ ಇವ್ರೇ ಗುಂಡಿ ತೋಡಿ ಕೊಟ್ಟಿದ್ರ್, ನಾನ್ ನೆಟ್ಟದ್."

ಮದುವೆಯಾದ ವರ್ಷ ಗುಂಡಿ ತೋಡಿದ ನನ್ನ ಮಾವ ತೀರಿಕೊಂಡು ವರ್ಷಗಳಾಗಿವೆ. ಅತ್ತೆ ಉಳಿದರ್ಧವನ್ನು ದೊಡ್ಡಮ್ಮನ ಬಾಯಿಗಿಟ್ಟರು. ದೊಡ್ಡಮ್ಮ ನಾರಿನ ಮಾತೆತ್ತಲಿಲ್ಲ, ಬೀಜ ನೋಡಲಿಲ್ಲ. ಅತ್ತೆಯ ಕೈ ಹಿಡಿದುಕೊಂಡು ಕೂತರು.