ಗದಗಿನ ಚನ್ನವೀರನು ಖಡಕ್ ರೊಟ್ಟಿಯಿಂದ ಜಗವ ಗೆಲ್ಲಹೊರಟ ಪ್ರಸಂಗ

ಎಲೈ ತಂತಿಯೊಳಗೆ ಸಂಚರಿಸುವ ಶಾರದೆಯೇ, ಕೀಂಯ್‌ಗುಟ್ಟುವ ಮೋಡೆಮ್ಮಿನ ಕಂಠನಿವಾಸಿನಿಯೇ, ಒಂದು ಗಳಿಗೆ ಲೈನು ಕಡಿಯದಂತೆ ನಿಂತು ಈ ಬಡ ಕಥೆಗಾರನ ನಾಲಗೆಗೆ ಬಲ ಕೊಡು. ಹೊಸ ಸಹಸ್ರಮಾನದ ಬಾಗಿಲು ಆಗಷ್ಟೇ ತೆರೆದಿತ್ತು. ಹೆಸರಿನ ಬಾಲಕ್ಕೆ ಡಾಟ್ ಕಾಮ್ ಎಂದು ಅಂಟಿಸಿದರೆ ಹುಣಸೆಬೀಜವೂ ವಜ್ರವೆನಿಸುತ್ತಿದ್ದ ಆ ಮಹಾಯುಗದಲ್ಲಿ, ಗದಗ ಪಟ್ಟಣದೊಳಗೆ, ಕೀಬೋರ್ಡ್‌ಕುಟ್ಟನಕೋವಿದನೂ ಅಗ್ರಜಭೀತಿಜರ್ಜರಿತನೂ ಅರ್ಧಾಂಗುಲಶ್ಮಶ್ರುಶೋಭಿತನೂ ಆದ ಚನ್ನವೀರನೆಂಬ ಮಹಾಪುರುಷನಿದ್ದನು. ಇದ್ದನೆಂದರೆ ಏನು, ಅಣ್ಣನ ಮನೆಯಲ್ಲಿ ಉಂಡುಕೊಂಡು ಇದ್ದನು.

ಆ ಅಣ್ಣನೋ, ಸ್ಥಾಲೀಕಟಾಹಚಮಸಾಧೀಶ್ವರನಾದ ಬಸಲಿಂಗಪ್ಪ. ಬಜಾರದಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ. ಒಂದು ಮುಂಜಾನೆ ಅವನು ತಮ್ಮನ ಕಂಪ್ಯೂಟರಿನ ಮುಂದೆ ನಿಂತು, "ದೀಪಾವಳಿ ತನಕ ನೋಡತೀನಿ. ಅಷ್ಟರಾಗ ಈ ಡಬ್ಬ್ಯಾಗಿಂದ ಒಂದು ರೂಪಾಯಿ ಹೊರಗ ಬರಲಿಲ್ಲಂದ್ರ, ಬಾಯಿ ಮುಚ್ಚಿಕೊಂಡು ಅಂಗಡ್ಯಾಗ ಕುಂದರಬೇಕು" ಎಂದನು. ಜೀವಮಾನವಿಡೀ ತಂಬಿಗೆಯ ಧೂಳು ಝಾಡಿಸುವುದೆಂದರೆ ಚನ್ನವೀರನಿಗೆ ಸಾವಿಗಿಂತ ಹೆಚ್ಚಿನ ಭಯ.

ಆದರೂ ವೀರನಲ್ಲವೇ, ಎದ್ದು ನಿಂತು ಲುಂಗಿ ಬಿಗಿದು ಗರ್ಜಿಸಿದನು: "ಅಣ್ಣಾ, ಕೇಳು. ನೀ ಈ ಬಜಾರದ ರಾಜಾ ಇರಬಹುದು. ನನ್ನ ಬಜಾರ ಏಳು ಸಮುದ್ರದ ಆಚೀಕ ಐತಿ. ವೈನಿ ಬಡಿದ ರೊಟ್ಟಿ ಅಮೆರಿಕಾಕ್ಕ ಹೋಗತಾವು. ದೀಪಾವಳಿಗೆ ನಿನ್ನ ಅಂಗಡಿ ನಾನ ಖರೀದಿ ಮಾಡಿ, ನಿನ್ನ ಮ್ಯಾನೇಜರ್ ಮಾಡತೀನಿ."

"ಮದ್ಲ ಕರೆಂಟ್ ಬಿಲ್ ಕಟ್ಟು" ಎಂದು ಬಸಲಿಂಗಪ್ಪ ಚಪ್ಪಲಿ ಮೆಟ್ಟಿ ನಡೆದನು.

ಇನ್ನು ಆ ಸಾಮ್ರಾಜ್ಯದ ಸೇನಾಪತಿ ಯಾರು? ಬಸಲಿಂಗಪ್ಪನ ಹೆಂಡತಿ, ಚನ್ನವೀರನ ವೈನಿ, ಯವನಾಲಪಿಷ್ಟತಾಡನಚಂಡಿಯಾದ ನೀಲಗಂಗವ್ವ. ಜೋಳದ ಹಿಟ್ಟು ಅವಳ ಅಂಗೈ ಕೆಳಗೆ ಬಿದ್ದರೆ ತಾನಾಗಿ ದುಂಡಗಾಗುತ್ತಿತ್ತು. ಅವಳ ಖಡಕ್ ರೊಟ್ಟಿ ತಿಂಗಳುಗಟ್ಟಲೆ ಇಟ್ಟರೂ ಕೆಡುತ್ತಿರಲಿಲ್ಲ. ಮೈದುನನ ಮಾತಿಗೆ ಆಕೆ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು.

"ಯಾರು ಏನು ಅಂತ ತಿಳೀದ ನಾ ಯಾರಿಗೂ ರೊಟ್ಟಿ ಬಡಿಯಾಂಗಿಲ್ಲ ಚನ್ನೂ. ಮದ್ಲ ಫೋನಿನ್ಯಾಗ ಮಾತಾಡತೀನಿ."

"ಅದಕ್ಕೇನ್ರಿ ವೈನಿ, ಮಾತಾಡ್ರಿ" ಎಂದುಬಿಟ್ಟನು. ಅಯ್ಯೋ ಮಂಕೇ, ಅಲ್ಲೇ ನಿನ್ನ ಗ್ರಹಚಾರ ಕೆಟ್ಟಿತು.

ಮೋಡೆಮ್ಮಿನ ಶಂಖನಾದವಾಯಿತು, ಜಾಲತಾಣವು ಲೋಕಕ್ಕೆ ತೆರೆಯಿತು, ಹೂಸ್ಟನ್ನಿನಿಂದ ಮೊದಲ ಆರ್ಡರು ಬಂತು! ನಮ್ಮ ವೀರನು ಕುಣಿದ ಕುಣಿತಕ್ಕೆ ಹಿತ್ತಿಲ ಎಮ್ಮೆ ಗೂಟ ಕಿತ್ತುಕೊಂಡಿತು. ಬಳಿಕ ನ್ಯೂಜೆರ್ಸಿ, ಬಳಿಕ ದುಬೈ, ಸಿಂಗಪುರ. ಊರ ಪತ್ರಿಕೆಯಲ್ಲಿ ರೊಟ್ಟಿ ಹಿಡಿದ ಭಾವಚಿತ್ರ. ಸಂಸ್ಥಾಪಕಾಧ್ಯಕ್ಷ ಎಂದು ಕಾರ್ಡು ಹೊಡೆಸಿ, ಚಹಾದಂಗಡಿಯವನಿಗೂ ಒಂದು ಕೊಟ್ಟನು. ನೆಲಕ್ಕೆ ಕಾಲು ಮುಟ್ಟುತ್ತಿದ್ದರೆ ಕೇಳಿ.

ಇತ್ತ ವೈನಿ ಫೋನೆತ್ತಿದಳು.

"ಯಾವೂರವ್ವಾ ನೀ?"

"ಹೂಸ್ಟನ್‌ರೀ."

"ಅದಲ್ಲವಾ, ನಿನ್ನ ಊರು."

"ರೋಣರಿ."

"ರೋಣದಾಗ ಯಾರ ಪೈಕಿ?"

ಇನ್ನೆರಡು ಪ್ರಶ್ನೆಗೆ, ಹೂಸ್ಟನ್ನಿನಾಕೆ ವೈನಿಯ ಸೋದರತ್ತೆಯ ಮೊಮ್ಮಗಳಾದಳು. "ನಮ್ಮ ಕಾಶವ್ವತ್ತಿ ಮೊಮ್ಮಗಳು ರೊಕ್ಕಾ ಕೊಟ್ಟು ರೊಟ್ಟಿ ತಿನ್ನೂದೇನು? ರೊಕ್ಕದ ಮಾತು ತಗದ್ರ ನೋಡು ಮತ್ತ" ಎಂದು ವೈನಿ ಎರಡು ಡಜನ್ ಜಾಸ್ತಿ ಕಟ್ಟಿಸಿದಳು, ಮೇಲೆ ಶೇಂಗಾ ಚಟ್ನಿ. ನ್ಯೂಜೆರ್ಸಿಯವನು ಅವಳ ತಂಗಿಯ ನೆಗೆಣ್ಣಿಯ ತಮ್ಮ. ದುಬೈಯವರಂತೂ ತೀರ ಹತ್ತಿರದವರು. ಕೇಳುಗರೇ, ನೀವೇ ಹೇಳಿ: ಸಮುದ್ರದಾಚೆ ಕೂತು ಖಡಕ್ ರೊಟ್ಟಿಗೆ ಹಂಬಲಿಸುವವನು ಈ ಸೀಮೆಯಲ್ಲಿ ಹುಟ್ಟಿರಲೇಬೇಕು. ಈ ಸೀಮೆಯಲ್ಲಿ ಹುಟ್ಟಿದವನು ನೀಲಗಂಗವ್ವನಿಗೆ ಏನೂ ಆಗದೆ ಇರುವುದುಂಟೇ?

"ವೈನಿ, ಒಬ್ಬರನ್ನರ ಪರರು ಅಂತ ಬಿಡ್ರಿ" ಎಂದು ಸಂಸ್ಥಾಪಕಾಧ್ಯಕ್ಷನು ಗೋಗರೆದನು.

"ನಾ ಏನ್ ಮಾಡಲೋ, ಅವರ ನಮ್ಮವರಾಗತಾರ" ಎಂದಳು ವೈನಿ.

ದೀಪಾವಳಿ ಹತ್ತಿರ ಬಂತು. ಡಬ್ಬಿಯಿಂದ ರೂಪಾಯಿ ಬರಲಿಲ್ಲ, ಕೊರಿಯರಿನವನು ಮಾತ್ರ ದಿನಾ ಬಂದನು. ಆಗ ಚನ್ನವೀರನ ಕಟ್ಟಕಡೆಯ ಆಸೆಯಾಗಿ ಬೆಂಗಳೂರಿನಿಂದ ಬಂಡವಾಳ ಹೂಡುವ ಮಹಾಶಯನೊಬ್ಬನು ದಯಮಾಡಿಸಿದನು: ಕಂಠಕೌಪೀನಧಾರಿ, ಅಂದರೆ ಟೈ ಕಟ್ಟಿದವನು, ಮಿಸ್ಟರ್ ಬೆಳವಟಗಿ.

"ಇವತ್ತೊಂದಿನ ಯಾರ ಪೈಕಿ ಅಂತ ಕೇಳಬ್ಯಾಡ್ರಿ ವೈನಿ, ನಿಮ್ಮ ಕಾಲಿಗೆ ಬೀಳತೀನಿ" ಎಂದು ಚನ್ನವೀರನು ಬಿದ್ದೇಬಿಟ್ಟನು. ವೈನಿ ವಿಭೂತಿ ಮುಟ್ಟಿ ಮಾತು ಕೊಟ್ಟಳು. ಕೊಟ್ಟ ಮಾತನ್ನು ಉಳಿಸಿಕೊಂಡಳು ಕೂಡ, ಆ ಮಹಾತಾಯಿ. ತುಟಿ ಬಿಗಿದು ಬಡಿಸಿದಳು. ಮಹಾಶಯನು ರೊಟ್ಟಿ ಮುರಿದು, ಎಣ್ಣೆಗಾಯಿ ಹಚ್ಚಿ, ಬಾಯಿಗಿಟ್ಟನು. ಅಗಿಯುವುದು ನಿಂತಿತು. ಕಣ್ಣು ತುಂಬಿ ಬಂತು. ಟೈ ಸಡಿಲಿಸಿ, ಇಂಗ್ಲಿಷು ಮರೆತು, ಮೆಲ್ಲಗೆ ಕೇಳಿದನು:

"ನಮ್ಮವ್ವನ ಕೈಯಾನ ರುಚಿನ ಐತಿ. ಅಕ್ಕಾರ, ನಿಮ್ಮ ತವರಮನಿ ಯಾವೂರ್ರಿ?"

ವೈನಿ ಚನ್ನವೀರನತ್ತ ತಿರುಗಿ, "ನಾ ಕೇಳಲಿಲ್ಲ ನೋಡಪಾ" ಎಂದಳು.

ಆಮೇಲೆ ನಡೆದುದನ್ನು ಹೇಳಲು ಕರುಳು ಒಪ್ಪದು. ಅವನು, ಚಿಕ್ಕಂದಿನಲ್ಲೇ ಸೀಮೆ ಬಿಟ್ಟು ಹೋದ, ವೈನಿಯ ಚಿಕ್ಕವ್ವನ ಮಗ. ಇಬ್ಬರೂ ಅತ್ತರು, ನಕ್ಕರು, ಸತ್ತವರನ್ನೆಲ್ಲ ನೆನೆದರು. ಚನ್ನವೀರನು ಬಂಡವಾಳದ ಮಾತೆತ್ತಿದಾಗ ಅವನು ಕೈಮುಗಿದು, "ನಮ್ಮ ನಮ್ಮವರೊಳಗ ರೊಕ್ಕದ ವ್ಯವಹಾರ ಬ್ಯಾಡ ತಮ್ಮಾ, ಸಂಬಂಧ ಕೆಡತಾವು" ಎಂದು, ಐದು ಡಜನ್ ರೊಟ್ಟಿ ಕಟ್ಟಿಸಿಕೊಂಡು ಕಾರು ಹತ್ತಿದನು.

ಪಾಡ್ಯದ ಮರುದಿನ ಅಂತರ್ಜಾಲಚಕ್ರವರ್ತಿಯು ಸ್ಟೀಲ್ ಡಬ್ಬಿಗಳ ನಡುವೆ ಗಾದಿಯ ಮೇಲೆ ಕುಳಿತಿದ್ದನು. ಕೈಯಲ್ಲಿ ಧೂಳಿನ ಅರಿವೆ. ಅಜ್ಜಿಯೊಬ್ಬಳು ಬಂದು ಒಂದು ಮುಚ್ಚಳವನ್ನು ತಿರುವಿ ನೋಡಿ, ಆಮೇಲೆ ಅವನ ಮುಖವನ್ನೂ ಹಾಗೇ ನೋಡಿ ಕೇಳಿದಳು: "ಯಾರ ಪೈಕಿಯೋ ತಮ್ಮಾ ನೀ?"

ವೀರನು ಎಡಕ್ಕೆ ನೋಡಿದನು, ಬಲಕ್ಕೆ ನೋಡಿದನು. ಅಣ್ಣ ಇರಲಿಲ್ಲ.

"ಯಾರ ಪೈಕಿನೂ ಅಲ್ಲಬೇ ಅಜ್ಜಿ. ನಾ ಈ ಕಡೆಯಾಂವನ ಅಲ್ಲ."

ಅಜ್ಜಿ ಸೀರೆಯ ಗಂಟು ಬಿಚ್ಚಿ ರೊಕ್ಕ ಕೊಟ್ಟು, ಮುಚ್ಚಳ ತೆಗೆದುಕೊಂಡು ಹೋದಳು.